ಪುಢೀಲ್ ಸ್ಟೇಷನ್ ಡೋಂಬಿವಲಿ

ಕಳೆದ ಭಾನುವಾರ ಸಂಜೆ, ಮುಂಬಯಿ ಬಳಿಯ ಡೋಂಬಿವಲಿಯಲ್ಲಿರುವ ತಂಗಿಯ ಸೊಸೈಟಿಯ ಐದು ದಿನದ ಗಣಪತಿಯನ್ನು ಕಳುಹಿಸಲು ಎಲ್ಲರೂ ಗೇಟಿನ ಬಳಿ ನೆರೆದಿದ್ದೆವು. ಢೋಲ್ ತಾಶಾದ ಮೊದಲ ಪೆಟ್ಟು ಬಿದ್ದ ಕ್ಷಣದಿಂದ ಅವಳ ಐದು ವರ್ಷದ ಮಗ ನಗತೊಡಗಿದ. ಬಾಯಿ ಅಗಲಿಸಿ, ತುದಿಗಾಲಿನ ಮೇಲೆ ನಿಂತು, ಎರಡೂ ಕೈಗಳನ್ನು ಪಟಪಟನೆ ಆಡಿಸುತ್ತ ನಕ್ಕ. ನಾನು ಮೊಬೈಲ್ ತೆಗೆದು ವಿಡಿಯೋ ಮಾಡಿಕೊಂಡೆ. ಪಕ್ಕದಲ್ಲಿದ್ದ ಎರಡನೇ ಮಹಡಿಯ ಕಾಕು, ನಮ್ಮ ಧಾರವಾಡದ ಕಡೆಯವರೇ, "ಹುಡುಗಗ ಎಷ್ಟ ಖುಷಿ ಆಗ್ಯದ ನೋಡ್ರಿ" ಎಂದರು. ನಾನೂ ಹೌದೆಂದೆ. ನಗುವಿನ ನಡುವೆ ಅವನು "ಪುಢೀಲ್ ಸ್ಟೇಷನ್ ಡೋಂಬಿವಲಿ, ಪುಢೀಲ್ ಸ್ಟೇಷನ್ ಡೋಂಬಿವಲಿ" ಎಂದು, ಮುಂದಿನ ನಿಲ್ದಾಣ ಡೋಂಬಿವಲಿ ಎಂಬ ಲೋಕಲ್ ರೈಲಿನ ಮರಾಠಿ ಘೋಷಣೆಯನ್ನು ಅದರದೇ ಧಾಟಿಯಲ್ಲಿ ಹೇಳುತ್ತಿದ್ದುದೂ ನಮಗೆ ಆಟವಾಗಿಯೇ ಕಂಡಿತು. ಆರತಿಯ ತಟ್ಟೆ ಹಿಡಿದು ಹಿಂದೆ ಉಳಿದಿದ್ದ ತಂಗಿ ಜನರನ್ನು ಸರಿಸಿಕೊಂಡು ಓಡಿಬಂದಳು.

"ಅಕ್ಕಾ, ಅಂವ ನಗಲಿಕ್ಕತ್ತಿಲ್ಲ. ಇಳಿಯೋಣು ಅನ್ನಲಿಕ್ಕತ್ತಾನ."

ಅವಳು ಎತ್ತಿಕೊಳ್ಳುವಷ್ಟರಲ್ಲಿ ಮಗು ತನ್ನ ಮಣಿಕಟ್ಟನ್ನು ತಾನೇ ಕಚ್ಚಿಕೊಂಡು ನೆಲಕ್ಕೆ ಬಿದ್ದಿದ್ದ. "ಇಷ್ಟೊತ್ತು ನಕ್ಕೋತ ನಿಂತಿದ್ದ, ಈಗ ಹಟ ನೋಡ್ರಿ, ಮುದ್ದು ಹೆಚ್ಚಾಗ್ಯದ" ಎಂದು ಕಾಕು ಅಂದದ್ದು ನಮ್ಮಿಬ್ಬರ ಕಿವಿಗೂ ಬಿತ್ತು. ಕಾಕು ಕೆಟ್ಟವರಲ್ಲ, ತಂಗಿಗೆ ಜ್ವರ ಬಂದರೆ ಗಂಜಿ ಮಾಡಿಕೊಂಡು ಬರುವವರು ಅವರೇ. ಆದರೆ ಒಂದು ಮಗುವಿನ ಒಳಗನ್ನು ಅರೆ ನಿಮಿಷದಲ್ಲಿ ಎರಡು ಸಲ ತೀರ್ಮಾನಿಸಿ, ಎರಡು ಸಲವೂ ತಪ್ಪಿದ ಅವರ ಆ ಭರವಸೆಯನ್ನು ನನಗೆ ಇಂದಿಗೂ ಕ್ಷಮಿಸಲಾಗುತ್ತಿಲ್ಲ. ಸ್ವಂತ ದೊಡ್ಡಮ್ಮನಾದ ನಾನು ಮೊದಲನೆಯ ತಪ್ಪಿನಲ್ಲಿ ಅವರ ಜೊತೆಗೇ ಇದ್ದೆನಲ್ಲ, ಅದನ್ನಂತೂ ಇಲ್ಲವೇ ಇಲ್ಲ.

ಆಟಿಸಂ ಇರುವ ಈ ಮಗುವನ್ನು ತಂಗಿ ವಾರಕ್ಕೆ ಮೂರು ದಿನ ಠಾಣೆ ನಗರಕ್ಕೆ ಥೆರಪಿಗೆ ಕರೆದೊಯ್ಯುತ್ತಾಳೆ. ಹಿಂತಿರುಗುವಾಗ ಲೋಕಲ್ ರೈಲಿನ ಗದ್ದಲದ ಡಬ್ಬಿಯಲ್ಲಿ ಕಳವಾ, ಮುಂಬ್ರಾ, ದಿವಾ, ಕೋಪರ್ ದಾಟಿ ಆ ಘೋಷಣೆ ಬಂದೊಡನೆ ಅವಳು ಅವನ ಕೈ ಹಿಡಿದು ಎದ್ದು ನಿಲ್ಲುತ್ತಾಳೆ. ಇನ್ನು ನೂಕಾಟ ಮುಗಿಯಿತು, ಮನೆ ಬಂತು. ಹೀಗಾಗಿ ಸಹಿಸಲಾಗದ ಎಲ್ಲ ಕಡೆಯೂ ಅವನಿಗೆ ಆ ಮಾತೇ ಬಾಯಿಗೆ ಬರುತ್ತದೆ. ಕೇಳಿದ್ದನ್ನು ಹಾಗೆಯೇ ತಿರುಗಿ ಹೇಳುವ ಇದಕ್ಕೆ ಎಕೊಲಾಲಿಯಾ ಎಂಬ ಹೆಸರಿದೆ. ತಂಗಿ ಇಂಥ ಮಾತುಗಳಿಗೆಂದೇ ಒಂದು ವಹಿ ಇಟ್ಟಿದ್ದಾಳೆ: ಒಂದು ಕಡೆ ಅವನು ಹೇಳಿದ್ದು, ಇನ್ನೊಂದು ಕಡೆ ಅದನ್ನು ಮೊದಲು ಎಲ್ಲಿ ಕೇಳಿದ್ದನೆಂಬುದು. ಎಂದೋ ಎರೆಯುವಾಗ ಅವಳು "ಸಾಬಾಣ ಕಣ್ಣಾಗ ಹೋತೇನು?" ಎಂದು ಕೇಳಿದ್ದಳು. ಈಗ ಮೊಣಕಾಲು ತರಚಿದರೂ, ಹೊಟ್ಟೆ ನೊಂದರೂ ಅವನು ಹೇಳುವುದು ಅದನ್ನೇ, ಪ್ರಶ್ನೆಯ ರಾಗವನ್ನೂ ಬಿಡದೆ.

1943ರಲ್ಲಿ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ ಅಮೆರಿಕದಲ್ಲಿ ಆಟಿಸಂ ಇರುವ 11 ಮಕ್ಕಳನ್ನು ಕುರಿತು ಬರೆದ ಮೊದಲ ಲೇಖನದಲ್ಲಿಯೇ ಇಂಥದೊಂದು ಮಗುವಿದೆ. ಏನನ್ನಾದರೂ ಎಸೆಯಬೇಕೆನಿಸಿದಾಗಲೆಲ್ಲ ಆ ಹುಡುಗ, ನಾಯಿಯನ್ನು ಬಾಲ್ಕನಿಯಿಂದ ಎಸೆಯಬೇಡ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಕೇಳುವವರಿಗೆ ಅರ್ಥವಿಲ್ಲದ ಮಾತು. ಆದರೆ ಕೆಲವು ವರ್ಷಗಳ ಹಿಂದೆ ಅವನ ತಾಯಿ ಆಟದ ನಾಯಿಯೊಂದರ ವಿಷಯದಲ್ಲಿ ಅದನ್ನೇ ಹೇಳಿ ಗದರಿದ್ದಳು. ಇಷ್ಟು ವರ್ಷಗಳ ಹಿಂದೆಯೇ ಬರೆದಿಟ್ಟ ಮಾತು ನನ್ನಂಥ ಓದಿದವಳಿಗೆ ತಲುಪಲು ಒಂದು ಮಗು ತನ್ನ ಕೈ ಕಚ್ಚಿಕೊಳ್ಳಬೇಕಾಯಿತು.

ಆ ವಿಡಿಯೋವನ್ನು ಈ ವಾರ ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ನಗುವಿಗೆ ಏರಿಳಿತವಿಲ್ಲ, ಒಂದೇ ಸ್ವರದಲ್ಲಿ ಎಳೆದಂತಿದೆ. ಹೆಗಲು ಕಿವಿಯವರೆಗೆ ಬಂದಿವೆ. ಕಣ್ಣು ಯಾರ ಮೇಲೂ ನಿಲ್ಲದೆ ಗೇಟಿನ ಕಡೆಗೇ ಹೋಗುತ್ತಿವೆ. ಅವನ ನಿಜವಾದ ಸಂತೋಷವನ್ನು ನಾನು ಕಂಡಿದ್ದೇನೆ: ಫ್ರಿಜ್ ಗುಂಯ್ಗುಡತೊಡಗಿದಾಗ ಅದರ ಬಾಗಿಲಿಗೆ ಕೆನ್ನೆ ಆನಿಸಿ, ಕಣ್ಣಂಚಿನಲ್ಲಿ ಬೆರಳು ಕುಣಿಸುತ್ತ ತಾನೂ ಮೆಲ್ಲಗೆ ಗುನುಗುತ್ತಾನೆ. ಆಗ ಅವನ ಮುಖದಲ್ಲಿ ನಗುವಿನ ಸುಳಿವೂ ಇರುವುದಿಲ್ಲ. ಥೆರಪಿಯಲ್ಲಿ ನಗುವ ಮುಖದ ಚಿತ್ರ ತೋರಿಸಿ ಇದು ಖುಷಿ ಎಂದು ಕಲಿಸುತ್ತಾರೆ. ಕಲಿಸಲಿ, ನಮ್ಮ ನಡುವೆ ಬಾಳಲು ಅದು ಬೇಕು. ಆದರೆ ಅವನ ಬೆರಳು, ಹೆಗಲು, ಹಿಮ್ಮಡಿಗಳ ಚಿತ್ರಪಟವನ್ನು ನಮಗೆ ಯಾರೂ ಕಲಿಸುವುದಿಲ್ಲ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಹೇಳಿದ್ದು ಇದನ್ನೇ: ಅರ್ಥವಾಗದಿರುವುದು ಎರಡೂ ಕಡೆಯ ಕೊರತೆ. ಭಾವನೆಯೇ ಇಲ್ಲದವರು ಎಂದು ಲೋಕ ಇಂಥ ಮಕ್ಕಳ ತಲೆಗೆ ಕಟ್ಟಿದ ಮಾತು ನನ್ನ ದೃಷ್ಟಿಯಲ್ಲಿ ದೊಡ್ಡ ಅನ್ಯಾಯ. ಹಟವೆಂಬ ಮಾತೂ ಅಷ್ಟೇ. ಹಟ ಮಾಡುವ ಮಗು ಕೇಳಿದ್ದು ಸಿಕ್ಕರೆ ಸುಮ್ಮನಾಗುತ್ತದೆ, ನಾವು ನೋಡುತ್ತಿದ್ದೇವೆಯೇ ಎಂದು ಓರೆಗಣ್ಣಿನಲ್ಲಿ ಗಮನಿಸುತ್ತದೆ. ಅಂದು ಇವನು ಯಾರನ್ನೂ ನೋಡಲಿಲ್ಲ. ಮನೆಗೆ ಹೋಗಿ ದೀಪ ಆರಿಸಿ ಕಂಬಳಿ ಬಿಗಿಯಾಗಿ ಹೊದಿಸಿದ ಮೇಲೂ ಅರ್ಧ ಗಂಟೆ ನಡುಗುತ್ತಿದ್ದ.

ಗುರುವಾರ ತಂಗಿ ಅವನನ್ನು ನನ್ನ ಮನೆಯಲ್ಲಿ ಬಿಟ್ಟು ಬ್ಯಾಂಕಿಗೆ ಹೋಗಿದ್ದಳು. ನಮ್ಮ ಕಟ್ಟಡದ ಗಣಪತಿ ಇನ್ನೂ ಕುಳಿತಿದ್ದುದರಿಂದ ಆರತಿಯ ಹೊತ್ತಿಗೆಂದು, ಹಬ್ಬಕ್ಕೆ ನಾನೇ ತಂದುಕೊಟ್ಟಿದ್ದ ಜರಿಯ ಕುರ್ತಾ ತೊಡಿಸಿದೆ. ಭಾನುವಾರ ಹಾಕಿಕೊಂಡಿದ್ದೂ ಅದೇ. ಎರಡು ನಿಮಿಷ ಸುಮ್ಮನೆ ನಿಂತಿದ್ದವನು ಗೋಡೆಯ ಕಡೆ ನೋಡುತ್ತ, "ಸಾಬಾಣ ಕಣ್ಣಾಗ ಹೋತೇನು?" ಎಂದ. ಬೆರಳು ನೋಡಿದೆ, ಮೊಣಕಾಲು ನೋಡಿದೆ, ಏನೂ ಇರಲಿಲ್ಲ. ಮತ್ತೆ ಅದನ್ನೇ ಕೇಳಿದ. ಕೊನೆಗೆ ಕೊರಳಪಟ್ಟಿ ಸರಿಸಿದಾಗ, ಜರಿಯ ಅಂಚು ಒತ್ತಿದ ಕಡೆಯೆಲ್ಲ ಕತ್ತಿನ ಸುತ್ತ ಕೆಂಪಗೆ ಗೆರೆ ಎದ್ದಿತ್ತು. ಕುರ್ತಾ ಬಿಚ್ಚಿದೆ. ಅವನು ಬರಿಮೈಯಲ್ಲಿಯೇ ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಬಾಗಿಲಿಗೆ ಕೆನ್ನೆ ಆನಿಸಿ ನಿಂತ.