ಗ್ರೆಗರ್ ಸಾಮ್ಸಾ ಮಾಡಿದ ತಪ್ಪಾದರೂ ಎಂತ?

ಕಾಸರಗೋಡು ಕಡೆಯ ಕನ್ನಡ ವಿದ್ಯಾರ್ಥಿಗಳು ಜರ್ಮನ್ ಭಾಷೆಯ ಲೇಖಕ ಫ್ರಾಂಜ್ ಕಾಫ್ಕಾನ ‘ರೂಪಾಂತರ’ ಎಂಬ ನೀಳ್ಗತೆ ಓದಿ ಮುಗಿಸಿದರೆ ಮೊದಲು ಕೇಳುವುದು ಇದನ್ನೇ: “ಅವ ಮಾಡಿದ ತಪ್ಪಾದರೂ ಎಂತ?” ಊರೂರು ತಿರುಗಿ ಬಟ್ಟೆಯ ಮಾದರಿ ತೋರಿಸಿ ಮನೆ ಸಾಕಿದವ, ಅಪ್ಪನ ಸಾಲ ತೀರಿಸುತ್ತಿದ್ದವ, ತಂಗಿಯನ್ನು ಸಂಗೀತ ಶಾಲೆಗೆ ಕಳಿಸಬೇಕೆಂದಿದ್ದವ ಒಂದು ಬೆಳಿಗ್ಗೆ ಹುಳುವಾಗಿ ಎದ್ದ. ಮನೆಯವರು ಬಾಗಿಲು ಹಾಕಿದರು, ಕೊನೆಗೆ ಅವ ಸತ್ತ. ಅನ್ಯಾಯ ಆದದ್ದು ಅವನಿಗೆ. ಹಾಗಿದ್ದೂ ನಾಚಿಕೆಯಿಂದ ಕುಗ್ಗುವವನೂ ಅವನೇ ಯಾಕೆ?

ತಪ್ಪನ್ನು ಹುಡುಕುತ್ತ ಹೋದರೆ ಈ ಕತೆಯಲ್ಲಿ ಏನೂ ಸಿಗುವುದಿಲ್ಲ. ದುಡ್ಡಿನ ಲೆಕ್ಕ ಹಿಡಿದು ಹೋದರೆ ಉತ್ತರದ ಹತ್ತಿರಕ್ಕಾದರೂ ಹೋಗಬಹುದು.

ಅಪ್ಪನ ವ್ಯಾಪಾರ ಮುಳುಗಿ ಐದು ವರ್ಷವಾಗಿದೆ. ಅಪ್ಪನಿಗೆ ಸಾಲ ಕೊಟ್ಟ ಧಣಿಯ ಬಳಿಯಲ್ಲೇ ಗ್ರೆಗರನ ಕೆಲಸ. ಸಾಲ ತೀರಲು ಇನ್ನು ಐದಾರು ವರ್ಷ ಬೇಕು ಎಂಬುದು ಮೊದಲ ಪುಟಗಳಲ್ಲೇ ಅವನು ಹಾಕುವ ಲೆಕ್ಕ. ಎರಡನೆಯ ಭಾಗದಲ್ಲಿ ಬಾಗಿಲಿಗೆ ಒತ್ತಿಕೊಂಡು ನಿಂತು ಅವನು ಬೇರೊಂದು ಲೆಕ್ಕ ಕೇಳಿಸಿಕೊಳ್ಳುತ್ತಾನೆ: ಮುಳುಗಿದ ವ್ಯಾಪಾರದಿಂದ ಅಪ್ಪ ಸ್ವಲ್ಪ ಹಣ ಉಳಿಸಿಕೊಂಡಿದ್ದಾನೆ, ಮಗ ತಿಂಗಳು ತಿಂಗಳು ಕೊಟ್ಟದ್ದೂ ಪೂರ್ತಿ ಖರ್ಚಾಗಿಲ್ಲ. ಆ ಹಣದಿಂದ ಧಣಿಯ ಸಾಲ ಬೇಗ ತೀರುತ್ತಿತ್ತು, ಕೆಲಸ ಬಿಡುವ ದಿನ ಹತ್ತಿರ ಬರುತ್ತಿತ್ತು. ಇಷ್ಟು ತಿಳಿದ ಮೇಲೂ ಗ್ರೆಗರನಿಗೆ ಸಿಟ್ಟು ಬರುವುದಿಲ್ಲ. ಅಪ್ಪ ಮಾಡಿದ್ದೇ ಒಳ್ಳೆಯದಾಯಿತು ಎಂದುಕೊಳ್ಳುತ್ತಾನೆ. ಮನೆಯಲ್ಲಿ ಯಾರಾದರೂ ಸಂಪಾದಿಸಬೇಕಲ್ಲ ಎಂಬ ಮಾತು ಬಂದಾಗಲೆಲ್ಲ ಬಾಗಿಲು ಬಿಟ್ಟು ಪಕ್ಕದ ತಣ್ಣನೆಯ ಚರ್ಮದ ಸೋಫಾದ ಮೇಲೆ ಬೀಳುತ್ತಾನೆ. ನಾಚಿಕೆಗೂ ದುಃಖಕ್ಕೂ ಮೈ ಸುಡುತ್ತಿರುತ್ತದೆ.

ಅದೇ ಜಾಗದಲ್ಲಿ ಓದುಗರು ಬೇಗ ದಾಟಿಬಿಡುವ ಇನ್ನೊಂದು ಮಾತಿದೆ. ಮೊದಮೊದಲು ಅವನು ಮೇಜಿನ ಮೇಲೆ ಹಣ ಇಟ್ಟಾಗ ಮನೆಯವರು ಬೆರಗಾಗಿ ಸಂತೋಷಪಡುತ್ತಿದ್ದರು. ಆಮೇಲೆ ಎರಡೂ ಕಡೆಗೆ ಅದು ಅಭ್ಯಾಸವಾಯಿತು. ಅವನು ಖುಷಿಯಿಂದಲೇ ಕೊಡುತ್ತಿದ್ದ, ಅವರು ಕೃತಜ್ಞತೆಯಿಂದಲೇ ತೆಗೆದುಕೊಳ್ಳುತ್ತಿದ್ದರು, ಆದರೆ ಮೊದಲಿನ ಆ ಬೆಚ್ಚಗಿನ ಪ್ರೀತಿ ಉಳಿಯಲಿಲ್ಲ. ಹುಳುವಾಗುವ ಎಷ್ಟೋ ಮೊದಲೇ ಅವನಿಗೆ ಆ ಮನೆಯಲ್ಲಿದ್ದ ಸ್ಥಾನ ಸಂಬಳದ ಸ್ಥಾನ. ಅದು ನಿಂತ ದಿನ, ಇರುವುದಕ್ಕೇ ಸಮಜಾಯಿಷಿ ಕೊಡಬೇಕೆಂದು ಅವನಿಗೆ ಅನಿಸತೊಡಗುತ್ತದೆ. ಪಾಪಪ್ರಜ್ಞೆ ಎಂದು ನಾವು ಕರೆಯುವುದು ಇಲ್ಲಿ ಇದನ್ನು.

ಇಲ್ಲಿಯ ಓದುಗರಿಗೆ ಈ ಭಾಗದಲ್ಲಿ ಗಲ್ಫಿಗೆ ಹೋದ ಮನೆಮಗನ ನೆನಪಾಗುವುದು ಸಹಜ. ಹೋಲಿಕೆ ಸ್ವಲ್ಪ ದೂರ ನಡೆಯುತ್ತದೆ, ಆಮೇಲೆ ದಾರಿ ತಪ್ಪಿಸುತ್ತದೆ. ಗಲ್ಫಿನವನಿಗೆ ಊರಿಂದ ದೂರ ಇರುವುದೇ ಸಂಕಟ. ಗ್ರೆಗರನ ಸಂಕಟ ಮನೆಯೊಳಗೇ ಇದೆ. ಅವನ ಕೋಣೆಗೆ ಮೂರು ಬಾಗಿಲು. ತಿರುಗಾಟದಲ್ಲಿ ರೂಢಿಯಾದ ಹಾಗೆ ಸ್ವಂತ ಮನೆಯಲ್ಲೂ ರಾತ್ರಿ ಅವೆಲ್ಲಕ್ಕೂ ಬೀಗ ಹಾಕಿ ಮಲಗುತ್ತಾನೆ, ಆ ಅಭ್ಯಾಸವನ್ನು ತಾನೇ ಮೆಚ್ಚಿಕೊಳ್ಳುತ್ತಾನೆ. ಮೊದಲ ದಿನದ ಗಲಾಟೆ ಮುಗಿಯುವಷ್ಟರಲ್ಲಿ ಕೀಲಿಗಳು ಹೊರಗಿನಿಂದ ಸಿಕ್ಕಿಸಿರುತ್ತವೆ. ಪರಕೀಯತೆಯ, ಅಂದರೆ ತನ್ನವರ ನಡುವೆಯೇ ಹೊರಗಿನವನಾಗುವುದರ, ಬಗ್ಗೆ ಪುಟಗಟ್ಟಲೆ ಬರೆಯುವ ಬದಲು ಈ ಕೀಲಿಗಳನ್ನು ತೋರಿಸಿದರೆ ವಿದ್ಯಾರ್ಥಿಗಳಿಗೆ ಬೇಗ ಅರ್ಥವಾಗುತ್ತದೆ. 1915ರಲ್ಲಿ ಪುಸ್ತಕ ಅಚ್ಚಾಗುವಾಗ ಮುಖಪುಟದಲ್ಲಿ ಹುಳುವಿನ ಚಿತ್ರ ಬೇಡವೇ ಬೇಡ ಎಂದು ಕಾಫ್ಕಾ ಪ್ರಕಾಶಕರಿಗೆ ಬರೆದಿದ್ದ. ಬಂದ ಚಿತ್ರದಲ್ಲಿರುವುದು ಮುಖ ಮುಚ್ಚಿಕೊಂಡ ಮನುಷ್ಯ, ಅವನ ಹಿಂದೆ ತೆರೆದ ಬಾಗಿಲು. “ಹುಳು ಯಾವುದರ ಸಂಕೇತ?” ಎಂದು ಪರೀಕ್ಷೆಗೆ ಉತ್ತರ ಸಿದ್ಧಪಡಿಸುವವರು ಇದನ್ನು ನೆನಪಿಡಬೇಕು.

ಅಪ್ಪ ಕ್ರೂರಿ, ಅದಕ್ಕೆ ಈ ಕತೆ ಎಂಬ ಉತ್ತರ ಅರ್ಧ ಮಾತ್ರ ಸರಿ. 1919ರಲ್ಲಿ ತಂದೆಗೆ ಬರೆದು ತಲುಪದೇ ಉಳಿದ ದೀರ್ಘ ಪತ್ರವನ್ನು ಎಲ್ಲರೂ ಎತ್ತುತ್ತಾರೆ. ಈ ಕತೆಗೆ ಅದಕ್ಕಿಂತ ಹತ್ತಿರದ್ದು 1912ರ ಅಕ್ಟೋಬರ್. ವಿಮಾ ಸಂಸ್ಥೆಯ ಕೆಲಸ ಮುಗಿಸಿ ರಾತ್ರಿ ಬರೆಯುತ್ತಿದ್ದ ಕಾಫ್ಕಾನಿಗೆ ಕುಟುಂಬದ ಕಲ್ನಾರು ಕಾರ್ಖಾನೆಯನ್ನೂ ನೋಡಿಕೋ ಎಂಬ ಒತ್ತಾಯ ಬಂತು. ಅವನಿಗೆ ಅತ್ಯಂತ ಹತ್ತಿರವಾಗಿದ್ದ ತಂಗಿ ಒಟ್ಲಾ ಕೂಡ ಆಗ ಹೆತ್ತವರ ಪರ ನಿಂತಳು. ಸಾಯುವ ಯೋಚನೆ ಬಂದದ್ದನ್ನು ಅವನು ಗೆಳೆಯ ಮ್ಯಾಕ್ಸ್ ಬ್ರಾಡ್‌ಗೆ ಬರೆದಿದ್ದಾನೆ. ಮರು ತಿಂಗಳು ‘ರೂಪಾಂತರ’ ಶುರುವಾಯಿತು. ಕತೆಯಲ್ಲಿ ಕೊನೆಯ ತೀರ್ಪು ತಂಗಿಯ ಬಾಯಿಂದ ಬರುವುದನ್ನು ಇದರ ಜೊತೆ ಇಟ್ಟು ನೋಡಬಹುದು. ಇದಕ್ಕಿಂತ ಹೆಚ್ಚು ಎಳೆಯಬಾರದು.

ಆ ತೀರ್ಪಿಗೆ ಮೂರನೆಯ ಭಾಗವನ್ನು ನಿಧಾನವಾಗಿ ಓದಬೇಕು. ಅಪ್ಪ ಎಸೆದ ಸೇಬು ಬೆನ್ನಲ್ಲಿ ನಾಟಿ ತಿಂಗಳ ಮೇಲಾಗಿದೆ. ಕುಟುಂಬದ ಕರ್ತವ್ಯ ಎಂಬ ಮಾತನ್ನು ಕಾಫ್ಕಾ ನೇರವಾಗಿಯೇ ಬಳಸುವುದು ಇಲ್ಲಿ: ಹೇಸಿಗೆಯನ್ನು ನುಂಗಿಕೊಂಡು ಸಹಿಸಬೇಕು, ಬರಿದೇ ಸಹಿಸಬೇಕು. ಅದರ ಫಲವಾಗಿ ಸಂಜೆ ಹೊತ್ತು ಬಾಗಿಲು ತೆರೆದಿಡುತ್ತಾರೆ. ಅವನು ಕತ್ತಲಲ್ಲಿ ಕೂತು ದೀಪದ ಕೆಳಗಿನ ಮನೆಯವರನ್ನು ನೋಡಬಹುದು. ಆಮೇಲೆ ತಂಗಿ ಗ್ರೇಟೆ ವಾದ ಹೂಡುತ್ತಾಳೆ. ಇದು ನಿಜಕ್ಕೂ ಗ್ರೆಗರ್ ಆಗಿದ್ದರೆ, ಮನುಷ್ಯರು ಇಂಥದರ ಜೊತೆ ಬದುಕಲಾರರು ಎಂದು ತಿಳಿದು ತಾನಾಗಿಯೇ ಹೊರಟುಹೋಗುತ್ತಿದ್ದ ಎನ್ನುತ್ತಾಳೆ. ಅಂದರೆ ಒಳ್ಳೆಯ ಅಣ್ಣ ಎನಿಸಿಕೊಳ್ಳಲು ಉಳಿದ ದಾರಿ ಇಲ್ಲವಾಗುವುದು ಒಂದೇ. ಗ್ರೆಗರ್ ಒಪ್ಪುತ್ತಾನೆ, ಅವಳಿಗಿಂತ ಗಟ್ಟಿಯಾಗಿ ಒಪ್ಪುತ್ತಾನೆ. ಮನೆಯವರನ್ನು ಪ್ರೀತಿಯಿಂದ ನೆನೆಯುತ್ತ ಬೆಳಗಿನ ಜಾವ ಸಾಯುತ್ತಾನೆ. ನನಗೆ ಇಡೀ ಕತೆಯಲ್ಲಿ ಅತ್ಯಂತ ಭೀಕರವಾದದ್ದು ಈ ಒಪ್ಪಿಗೆ. ಮೊದಲ ವಾಕ್ಯದ ಹುಳು ಇದರ ಮುಂದೆ ಏನೂ ಅಲ್ಲ.

ನಮ್ಮ ನವ್ಯ ಸಾಹಿತ್ಯದಲ್ಲೂ ಇಂಥ ಪಾಪಪ್ರಜ್ಞೆ ಇದೆಯೇ ಎಂಬುದು ಮರುಪ್ರಶ್ನೆ. ಇದೆ, ಆದರೆ ಕಟ್ಟಿಕೊಂಡ ರೀತಿ ಬೇರೆ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರು ರೋಗಿಷ್ಟೆ ಎಂದು ತಿಳಿದೇ ಭಾಗೀರಥಿಯನ್ನು ಮದುವೆಯಾದವರು. ಅವಳ ಸೇವೆ ಅವರಿಗೆ ಸಾಧನೆಯ ಮಾರ್ಗ. ಕರ್ತವ್ಯದೊಳಗೆ ಇಂಥ ಸ್ವಾರ್ಥವೂ ಅಡಗಿರಬಹುದು ಎಂಬುದು ಕಾಫ್ಕಾನಲ್ಲಿ ಇಷ್ಟು ಸ್ಪಷ್ಟವಾಗಿಲ್ಲ. ಮತ್ತೊಂದು ವ್ಯತ್ಯಾಸ ದೊಡ್ಡದು. ಆಚಾರ್ಯರ ಪಾಪಪ್ರಜ್ಞೆಗೆ ಹೆಸರುಗಳಿವೆ: ಸೂತಕ, ಮೈಲಿಗೆ, ಪ್ರಾಯಶ್ಚಿತ್ತ. ಹೆಂಡತಿಯನ್ನು ದಹಿಸಿ ಹೊರಟವರು ಸೂತಕದಲ್ಲೇ ಮೇಳಿಗೆಯ ದೇವಸ್ಥಾನದ ಊಟಕ್ಕೆ ಕೂರುವಾಗ, ಯಾರಾದರೂ ಗುರುತು ಹಿಡಿದರೆ ಎಂಬ ಭಯವಿದೆ. ಗುರುತು ಹಿಡಿಯುವ ಸಮಾಜ ಒಂದಿದೆ ಎಂದೇ ಆ ಭಯ. ಗ್ರೆಗರನಿಗೆ ಮಾಡಿಕೊಳ್ಳಲು ಪ್ರಾಯಶ್ಚಿತ್ತವೇ ಇಲ್ಲ.

ಫ್ರೆಂಚ್ ಲೇಖಕ ಆಲ್ಬರ್ಟ್ ಕಮೂನ ಕಾದಂಬರಿ ‘ಅನ್ಯ’ನನ್ನು (1942) ಇವರಿಬ್ಬರ ನಂತರ ಓದಿದರೆ ಚೆನ್ನ. ಅದರ ನಾಯಕ ಮರ್ಸೋ ತಾಯಿಯ ಶವದ ಬಳಿ ಹಾಲಿನ ಕಾಫಿ ಕುಡಿಯುತ್ತಾನೆ, ಸಿಗರೇಟು ಸೇದುತ್ತಾನೆ, ಅಳುವುದಿಲ್ಲ. ಮುಂದೆ ಅವನು ಮಾಡುವ ಒಂದು ಕೊಲೆಯ ವಿಚಾರಣೆಯಲ್ಲಿ ಇವೇ ಸಾಕ್ಷ್ಯಗಳಾಗುತ್ತವೆ. ಅವನು ತನ್ನದೆಂದು ಒಪ್ಪದ ಪಾಪಪ್ರಜ್ಞೆಯನ್ನು ನ್ಯಾಯಾಲಯ ಅವನ ಹೆಸರಿನಲ್ಲಿ ತಾನೇ ಬರೆದುಕೊಳ್ಳುತ್ತದೆ.

ಕಾಸರಗೋಡಿನಲ್ಲಿ ಈ ಚರ್ಚೆ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ಗೆ ಬಂದೇ ಬರುತ್ತದೆ. ಅಲ್ಲಿಯೂ ದುಡ್ಡೇ ಮೂಲ: ಎರಡನೆಯ ಮಗಳ ಮದುವೆಗೆ ಅಳಿಯ ಹಣ ಕೊಡಲಿಲ್ಲವೆಂದು ಅಪ್ಪ ಹಿರಿಯ ಮಗಳು ನಾದಿರಾಳ ಸಂಸಾರವನ್ನೇ ಮುರಿಯುತ್ತಾನೆ. ಆದರೂ ಇದನ್ನು ಗ್ರೆಗರನ ಸಾಲಿಗೆ ಸೇರಿಸುವುದು ಸರಿಯಲ್ಲ. ನಾದಿರಾಳಿಗೆ ತನ್ನ ಪ್ರೀತಿ ಯಾರ ಮೇಲೆ, ಅನ್ಯಾಯ ಯಾರಿಂದ ಎಂಬುದು ಗೊತ್ತು. ಅವಳನ್ನು ಕೊಲ್ಲುವುದು ಅಪ್ಪನ ಹಟ ಮತ್ತು ಅದಕ್ಕೆ ಒತ್ತಾಸೆಯಾದ ಕಟ್ಟಳೆ. ಕುಟುಂಬದಿಂದ ನೋವುಂಡ ಪ್ರತಿ ಪಾತ್ರವನ್ನೂ ಪರಕೀಯತೆ ಎಂಬ ಒಂದೇ ಚೀಟಿಯಡಿ ಇಡುವುದರಿಂದ ಎರಡು ಪುಸ್ತಕಗಳಿಗೂ ನಷ್ಟ.

ಮತ್ತೆ ಓದುವವರು ಪೆನ್ಸಿಲ್ ಹಿಡಿದು ಮೂರು ಸಲ ಕೂರಿ, ಸಲಕ್ಕೊಂದು ಭಾಗ. ಹಣ ಬಂದಲ್ಲೆಲ್ಲ ಒಂದು ಗುರುತು, ಬಾಗಿಲು ಬಂದಲ್ಲೆಲ್ಲ ಇನ್ನೊಂದು. ಗ್ರೆಗರ್ ಸತ್ತಲ್ಲಿಗೆ ನಿಲ್ಲಿಸಿಬಿಡುವವರು ಬಹಳ, ಕತೆ ಅಲ್ಲಿ ಮುಗಿಯುವುದಿಲ್ಲ. ಅಪ್ಪ, ಅಮ್ಮ, ತಂಗಿ ತಮ್ಮ ತಮ್ಮ ಧಣಿಗಳಿಗೆ ಒಂದೊಂದು ರಜೆಯ ಪತ್ರ ಬರೆದು ಟ್ರಾಮ್ ಹತ್ತುತ್ತಾರೆ. ಗ್ರೆಗರ್ ಆರಿಸಿದ್ದ ಮನೆ ಬಿಟ್ಟು ಚಿಕ್ಕದು, ಅಗ್ಗದ್ದು ಹಿಡಿಯುವ ಮಾತಾಗುತ್ತದೆ. ಹೆತ್ತವರ ಕಣ್ಣು ಆಗ ಗ್ರೇಟೆಯ ಮೇಲೆ ಬೀಳುತ್ತದೆ: ಹುಡುಗಿ ಬೆಳೆದಿದ್ದಾಳೆ, ಇವಳಿಗೊಂದು ಒಳ್ಳೆಯ ಗಂಡು ನೋಡಬೇಕು. ಗ್ರೆಗರ್ ಏನು ತಪ್ಪು ಮಾಡಿದ ಎಂದು ಕೇಳಿದವರು, ಗ್ರೇಟೆ ಈಗ ಯಾರ ಜಾಗಕ್ಕೆ ಬಂದಳು ಎಂದೂ ಅಲ್ಲಿ ಕೇಳಿಕೊಳ್ಳಬೇಕು.