ಎಳೆಮೀನಿನ ಆಹಾರ ಹಿಡಿಯಲು ಹೊಲಿದ ಬಲೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನಲ್ಲಿ ಕೆಂಪುಕಲ್ಲು ಕಡಿದು ಬಿಟ್ಟ ಕೋರೆಗಳಲ್ಲಿ ಮಳೆಗಾಲ ಕಳೆದ ಮೇಲೂ ಕೆಲಕಾಲ ನೀರು ನಿಂತಿರುತ್ತದೆ. ಮನೆಯಲ್ಲಿ ಸಾಕಿದ ಗಪ್ಪಿ, ಗೌರಾಮಿ ಮೀನುಗಳಿಗೆ ಬೇಕಾದ ಡಾಫ್ನಿಯ, ಮೊಯಿನ ಎಂಬ ತೀರಾ ಚಿಕ್ಕ ನೀರುಜೀವಿಗಳನ್ನೂ ಸೊಳ್ಳೆಯ ಮರಿಗಳನ್ನೂ ನಾನು ಅಲ್ಲಿಂದಲೇ ತರುತ್ತೇನೆ.

ಅಂಗಡಿಯಲ್ಲಿ ಸಿಗುವ ಹಸಿರು ಬಲೆ ಮೀನು ಹಿಡಿಯುವುದಕ್ಕೆಂದು ಮಾಡಿದ್ದು. ಅದರಲ್ಲಿ ದೊಡ್ಡ ಸೊಳ್ಳೆಮರಿ ಉಳಿಯುತ್ತದೆಯೇ ಹೊರತು, ಒಂದು ಮಿಲಿಮೀಟರಿಗಿಂತ ಚಿಕ್ಕದಾದ ಮೊಯಿನ ಮತ್ತು ಆಗಷ್ಟೇ ಹುಟ್ಟಿದ ಡಾಫ್ನಿಯ ಸೋರಿಹೋಗುತ್ತವೆ. ಎಳೆಮೀನಿನ ಬಾಯಿಗೆ ಹಿಡಿಸುವುದಾದರೋ ಅವೇ. ಆದ್ದರಿಂದ ಹಳೆಯ ದೋಟಿಯ (ಕಾಯಿ ಕೀಳುವ ಉದ್ದ ಕೋಲಿನ) ತುಂಡಿಗೆ ದಪ್ಪ ಸರಿಗೆಯ ಬಳೆ ಕಟ್ಟಿ, ಅದಕ್ಕೆ ತೆಳುವಾದ ಮಲ್ ಬಟ್ಟೆಯ ಚೀಲವನ್ನು ಹೊಲಿದುಕೊಂಡೆ. ನೇಯ್ಗೆ ಒತ್ತಾದಷ್ಟೂ ನೀರು ನಿಧಾನವಾಗಿ ಹೊರಹೋಗುವುದರಿಂದ, ಚೀಲ ಬಾಯಿಯ ಅಗಲಕ್ಕಿಂತ ಎರಡು ಪಾಲಾದರೂ ಉದ್ದವಿರಬೇಕು. ಗಿಡ್ಡ ಚೀಲವಾದರೆ ಬಾಯಿಗೆ ಬಂದ ನೀರು ಹಿಂದಕ್ಕೆ ತಳ್ಳಲ್ಪಟ್ಟು ಜೀವಿಗಳನ್ನೂ ಹೊರಗೆ ಒಯ್ಯುತ್ತದೆ. ಬಾಯಿಗೆ ಸೊಳ್ಳೆಪರದೆಯ ತುಂಡನ್ನು ಬಿಗಿದರೆ ಗೊದಮೊಟ್ಟೆಗಳೂ, ಮೀನುಮರಿಗಳನ್ನೇ ಹಿಡಿದು ತಿನ್ನುವ ಏರೋಪ್ಲೇನ್ ಚಿಟ್ಟೆಯ ಮರಿಗಳೂ ಹೊರಗೇ ಉಳಿಯುತ್ತವೆ.

ತಳದ ಕೆಸರನ್ನು ಕಲಕದೆ, ಎಂಟರ ಅಂಕಿ ಬರೆದಂತೆ ನಿಧಾನವಾಗಿ ಬಲೆಯಾಡಿಸಬೇಕು. ನಾಲ್ಕೈದು ಸುತ್ತಿಗೆ ಚೀಲದ ತುದಿಯಲ್ಲಿ ನಸುಗೆಂಪು ಗಂಜಿಯಂತೆ ಡಾಫ್ನಿಯ ಕೂಡಿಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಿರುವ ನೀರಿನಲ್ಲಿ ಅದರ ಮೈಯಲ್ಲಿ ಹಿಮೋಗ್ಲೋಬಿನ್ ಹೆಚ್ಚುವುದೇ ಆ ಬಣ್ಣಕ್ಕೆ ಕಾರಣ. ಚೀಲವನ್ನು ಪೂರ್ತಿ ಮೇಲೆತ್ತದೆ, ಬಾಲ್ದಿಯ ನೀರಿನೊಳಗೆ ಮಗುಚುವುದು ಮುಖ್ಯ. ಗಾಳಿಗೆ ಒಡ್ಡಿದರೆ ಚಿಪ್ಪಿನೊಳಗೆ ಗುಳ್ಳೆ ಸಿಕ್ಕಿಕೊಂಡು ಅವು ನೀರಿನ ಮೇಲೆ ತೇಲುತ್ತಲೇ ಸಾಯುತ್ತವೆ.

ಜಾಗದ ವಿಷಯದಲ್ಲಿ ನಾನೊಮ್ಮೆ ತಪ್ಪಿದ್ದೇನೆ. ಮಳೆಗಾಲದ ಆಟಿ ತಿಂಗಳಲ್ಲಿ ಬಿಸಿಲು ಕಂಡ ಒಂದು ದಿನ, ಕೋರೆಯವರೆಗೆ ಹೋಗಲು ಉದಾಸೀನವಾಗಿ ಅಡಿಕೆ ತೋಟದ ಕಣಿಯ (ನೀರು ಹರಿಯುವ ಕಾಲುವೆಯ) ನೀರನ್ನೇ ಬಾಲ್ದಿಗೆ ತುಂಬಿಸಿ, ಹಿಂದಿನ ದಿನ ಹಿಡಿದ ಡಾಫ್ನಿಯವನ್ನು ಅದಕ್ಕೆ ಬಿಟ್ಟೆ. ಸಂಜೆಯೊಳಗೆ ಅಷ್ಟೂ ತಳ ಸೇರಿದ್ದವು. ಕೊಳೆರೋಗಕ್ಕೆಂದು ಆ ವಾರವೇ ತೋಟಕ್ಕೆ ಬೋರ್ಡೋ ಮದ್ದು ಬಿಟ್ಟಿದ್ದೆವು. ನೂರು ಲೀಟರು ಬೋರ್ಡೋ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್) ಬೀಳುತ್ತದೆ. ಅದರ ತಾಮ್ರದ ಅತ್ಯಲ್ಪ ಅಂಶವೂ ಡಾಫ್ನಿಯಕ್ಕೆ ವಿಷ. ಅಂದಿನಿಂದ ತೋಟದ ನೀರು ಹರಿದು ಸೇರುವ ಯಾವ ಗುಂಡಿಗೂ ನಾನು ಬಲೆ ಇಳಿಸುವುದಿಲ್ಲ. ಹೊಸ ಕೋರೆಯಿಂದ ತಂದದ್ದನ್ನು ಒಂದು ರಾತ್ರಿ ಬಾಟಲಿಯಲ್ಲಿರಿಸಿ, ಬೆಳಿಗ್ಗೆ ಚುರುಕಾಗಿ ಈಜುತ್ತಿರುವುದನ್ನು ಕಂಡ ಮೇಲಷ್ಟೇ ಮೀನಿಗೆ ಹಾಕುತ್ತೇನೆ.