ನೆಂದ ಅಡಿಕೆ, ಮೂರು ಗುಡ್ಡೆ

ತೀರ್ಥಹಳ್ಳಿ ಕಡೆ ಅಡಿಕೆ ಬೇಯಿಸಿ ಒಣಗಿಸುವ ಕಣದಲ್ಲಿ ನಾನು ಮೇಸ್ತ್ರಿ. ಹೋದ ಕೊಯ್ಲಿನಲ್ಲಿ ಒಂದು ಸಂಜೆ ಇದ್ದಕ್ಕಿದ್ದಂತೆ ಮೋಡ ಕವಿಯಿತು. ಟಾರ್ಪಾಲು ಎಳೆಯಬೇಕಾದ ಹುಡುಗ ಯಾರಿಗೂ ಹೇಳದೆ ಪೇಟೆಗೆ ಹೋಗಿದ್ದ. ನಾವು ಓಡಿ ಬರುವಷ್ಟರಲ್ಲಿ ಎರಡು ದಿನದಿಂದ ಬೇಯಿಸಿ ಹರವಿದ್ದ ಅಡಿಕೆ ಪೂರ್ತಿ ನೆಂದಿತ್ತು. ಹಾಗೇ ಬಿಟ್ಟರೆ ಬೂಸ್ಟು ಹಿಡಿಯುತ್ತೆ, ಬಣ್ಣ ಕೆಡುತ್ತೆ, ಶಿವಮೊಗ್ಗ ಮಂಡಿಯಲ್ಲಿ ರಾಶಿ ಅನ್ನೋ ದರ್ಜೆಯ ದರ ಸಿಗಲ್ಲ. ಹುಡುಗ ವಾಪಸ್ ಬಂದಾಗ "ನಾಳೆಯಿಂದ ಬರಬೇಡ" ಅಂದುಬಿಟ್ಟೆ.

ಅವನು ಮನೆಗೆ ಹೋಗಲಿಲ್ಲ. ರಾತ್ರಿಯಿಡೀ ಹಂಡೆ ಒಲೆಯ ಪಕ್ಕ ಒದ್ದೆ ಅಡಿಕೆ ಹರವಿ, ಹೊರಳಿಸುತ್ತಾ ಕೂತಿದ್ದ. ಬೆಳಗ್ಗೆ ನೋಡಿದರೆ ಮೂರು ಗುಡ್ಡೆ. "ಅಣ್ಣ, ಇದು ಸರಿಯಾಗಿ ಬೆಂದಿದೆ, ಉಳಿಯುತ್ತೆ. ಇದು ಕಮ್ಮಿ ಬೆಂದಿದೆ, ಮತ್ತೆ ಹಂಡೆಯ ತೊಗರು ನೀರಿಗೆ ಹಾಕಿ ಬೇಯಿಸ್ಬೇಕು. ಇದು ಹೋಯ್ತು." ಒಂದೊಂದು ಗುಡ್ಡೆಯಿಂದ ನಾಲ್ಕು ತೆಗೆದು ಸೀಳಿದೆ. ಅವನು ಹೇಳಿದ್ದೇ ಸರಿ. ಬರೀ ಬೆರಳಲ್ಲಿ ಒತ್ತಿ ಹದ ಹೇಳುವ ಹುಡುಗನ ಕೈಲಿ ಎರಡು ವರ್ಷ ಟಾರ್ಪಾಲು ಎಳೆಸಿದ್ದೆ. ನಿನಗೆ ಏನು ಬರುತ್ತೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಭಾನುವಾರ ಪೂಜೆ ಮುಗಿಸಿ ಬಂದು ಬೈಬಲ್ ತೆಗೆದೆ. ಪೌಲ, ಬಾರ್ನಬ ಇಬ್ಬರೂ ಯೇಸುವಿನ ಸಂದೇಶ ಸಾರುತ್ತಾ ಊರೂರು ತಿರುಗಿದವರು. ಅವರ ಜೊತೆ ಹೊರಟ ಮಾರ್ಕ ಅರ್ಧ ದಾರಿಯಲ್ಲಿ ಬಿಟ್ಟು ಹೋದವನು. ಮುಂದಿನ ಪ್ರಯಾಣಕ್ಕೆ ಅವನು ಬೇಡವೇ ಬೇಡ ಅಂದ ಪೌಲ. ಬಾರ್ನಬ ಒಪ್ಪಲಿಲ್ಲ. ಜಗಳ ಎಷ್ಟು ಜೋರಾಯಿತೆಂದರೆ ಇಬ್ಬರೂ ಬೇರೆಬೇರೆ ದಾರಿ ಹಿಡಿದರು, ಬಾರ್ನಬ ಮಾರ್ಕನನ್ನು ಕರೆದುಕೊಂಡು ಸೈಪ್ರಸ್‌ಗೆ ಹೊರಟ. ಎಷ್ಟೋ ಕಾಲದ ಮೇಲೆ, ತನ್ನ ಶಿಷ್ಯ ತಿಮೊಥೇಯನಿಗೆ ಬರೆದ ಎರಡನೇ ಪತ್ರದಲ್ಲಿ, ಅದೇ ಪೌಲ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಅನ್ನುತ್ತಾನೆ. ಅಷ್ಟು ದಿನ ನಾನು ಪೌಲನ ಸಿಟ್ಟೇ ಸರಿ ಅಂದುಕೊಂಡು ಓದುತ್ತಿದ್ದೆ.

ಹುಡುಗನನ್ನು ಉಳಿಸಿಕೊಂಡೆ. ನಷ್ಟ ನಷ್ಟವೇ, ಅದನ್ನು ಯಜಮಾನರ ಹತ್ತಿರ ಮುಚ್ಚಿಡಲಿಲ್ಲ. ಅಷ್ಟು ಅಡಿಕೆಗೆ ಒಬ್ಬನನ್ನೇ ಕಾವಲಿಟ್ಟಿದ್ದು ನನ್ನ ತಪ್ಪು ಅಂತಲೂ ಹೇಳಿದೆ. ಈಗ ಟಾರ್ಪಾಲಿಗೆ ಇಬ್ಬರು.

ಕ್ಷಮಿಸೋದು ಮಾತ್ರ ಒಂದೇ ದಿನಕ್ಕೆ ಮುಗಿಯಲಿಲ್ಲ. ಮೋಡ ಕಂಡಾಗೆಲ್ಲ ನನ್ನ ಕಣ್ಣು ಸಿಟ್ಟಿನಿಂದ ಅವನ ಕಡೆ ಹೋಗುತ್ತಿತ್ತು. ಏಳೆಪ್ಪತ್ತು ಸಲ ಕ್ಷಮಿಸು ಅಂತ ಯೇಸು ತನ್ನ ಶಿಷ್ಯ ಪೇತ್ರನಿಗೆ ಹೇಳಿದ್ದು ಅಷ್ಟು ತಪ್ಪುಗಳಿಗೆ ಅಂದುಕೊಂಡಿದ್ದೆ. ಒಂದೇ ತಪ್ಪಿಗೂ ಅಷ್ಟು ಸಲ ಬೇಕಾಗುತ್ತೆ, ಅಲ್ವಾ?

ಈ ವರ್ಷ ಹಂಡೆ ಅವನ ಕೈಯಲ್ಲಿದೆ. ಇಳಿಸೋದಾ, ಇನ್ನೂ ಬೇಯ್ಬೇಕಾ ಅಂತ ನಾನೇ ಹೋಗಿ ಅವನನ್ನು ಕೇಳುತ್ತೇನೆ.